ಮಾವನವರ ಗಿಟಾರು ರಿಪೇರಿಯಾದದ್ದು

ನಮ್ಮ ಮಾವ ರಾಮಚಂದ್ರರಾಯರು ಸುಳ್ಳು ಹೇಳುವ ಪೈಕಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದು ಅಲ್ಲಿಂದ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವರಲ್ಲ. ಅಂಗಡಿಯವನು ಒಂದು ನಿಂಬೆಹಣ್ಣು ಜಾಸ್ತಿ ಹಾಕಿದ್ದರೆ ಬಿಸಿಲಲ್ಲಿ ವಾಪಸು ನಡೆದು ಕೊಟ್ಟು ಬರುವವರು. ಅವರು ಮಾಡಿದ್ದು ಒಂದೇ ತಪ್ಪು. ಐವತ್ತೇಳು ವರ್ಷದ ಹಿಂದೆ, ಯಾರೋ ಏನೋ ಕೇಳಿದ್ದಕ್ಕೆ ಸುಮ್ಮನೆ ತಲೆಯಾಡಿಸಿದ್ದರು. ತಲೆಯಾಡಿಸಿದ್ದು ಅವರು, ರಕ್ತದೊತ್ತಡ ಏರಿದ್ದು ನನಗೆ.

ನಾನು ಹೇಮಾಕ್ಷಿ, ಅವರ ಸೊಸೆ. ವಿಶಾಖಪಟ್ಟಣದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಹಗಲೆಲ್ಲ ನಾನು ಊರವರ ರಕ್ತ ತೆಗೆಯುತ್ತೇನೆ, ಸಂಜೆ ಮನೆಗೆ ಬಂದರೆ ಮನೆಯವರು ನನ್ನ ರಕ್ತ ಹೀರುತ್ತಾರೆ. ಯಜಮಾನರು ದಿನೇಶ, ಅಪ್ಪನ ಹಾಗೆಯೇ ಬ್ಯಾಂಕಿನವರು. ತಿಪಟೂರಿನ ಕಡೆಯವರಾದ ನಾವು ವರ್ಗಾವಣೆಯ ಮೇಲೆ ವರ್ಗಾವಣೆಯಾಗಿ, ವಿಜಯವಾಡದಲ್ಲಿ ನಾಲ್ಕು ವರ್ಷ ಬೆಂದು, ಈಗ ವಿಶಾಖಪಟ್ಟಣದ ಎಂ.ವಿ.ಪಿ. ಕಾಲನಿಯಲ್ಲಿ ಸಮುದ್ರದ ಗಾಳಿಗೆ ಆರಿಕೊಳ್ಳುತ್ತಿದ್ದೇವೆ. ಮಾವ ಮತ್ತು ಅತ್ತೆ ಕಮಲಾಕ್ಷಮ್ಮ ನಮ್ಮ ಜೊತೆಗೇ ಇದ್ದಾರೆ. ಅವರ ಜೊತೆಗೆ ಗಿಟಾರೂ ಇದೆ.

ಅದು ಮಾವನ ದೊಡ್ಡಪ್ಪನ ಗಿಟಾರು. ದೊಡ್ಡಪ್ಪ ಅರಸೀಕೆರೆಯಲ್ಲಿ ರೈಲ್ವೆ ಗಾರ್ಡ್ ಆಗಿದ್ದವರು. ಜೊತೆಗಿದ್ದ ಆಂಗ್ಲೋ ಇಂಡಿಯನ್ ಡ್ರೈವರ್ ಒಬ್ಬರು ಸಂಸಾರಸಮೇತ ಆಸ್ಟ್ರೇಲಿಯಾಕ್ಕೆ ಹೊರಟಾಗ, ಹಡಗಿಗೆ ಸಾಮಾನು ಹೆಚ್ಚಾಯಿತೆಂದು ಇದನ್ನು ಅವರ ಕೈಗಿತ್ತು ಹೋದರಂತೆ. ಕಲ್ಕತ್ತೆಯಲ್ಲಿ ಮಾಡಿದ್ದು, ಜೇನಿನ ಬಣ್ಣ, ದಪ್ಪ ಹೊಟ್ಟೆ. ದೊಡ್ಡಪ್ಪ ನಿಜವಾಗಿಯೂ ನುಡಿಸುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಮಾವನಿಗೆ ಬ್ಯಾಂಕ್ ಕೆಲಸ ಸಿಕ್ಕಿ ಬೆಜವಾಡಕ್ಕೆ, ಅಂದರೆ ಈಗಿನ ವಿಜಯವಾಡಕ್ಕೆ ಹೊರಟಾಗ, "ಮಗೂ, ಇದು ಮನೆಯಲ್ಲೇ ಉಳೀಲಿ" ಎಂದು ಕೊಟ್ಟರು. ಮಾವನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಬೇಡ ಅನ್ನಲು ಬಾಯಿ ಬರದಿರುವುದು ಈ ಮನೆಯ ಗಂಡಸರ ಕಾಯಿಲೆ. ನಮ್ಮವರಿಗೂ ಇದೆ, ಹಾಗಾಗಿಯೇ ನಮ್ಮ ಮನೆಯಲ್ಲಿ ಮೂರು ಮಿಕ್ಸಿ ಇವೆ.

ಬೆಜವಾಡದ ಬಾಡಿಗೆ ರೂಮಿನ ಗೋಡೆಗೆ ಮಾವ ಅದನ್ನು ನೇತುಹಾಕಿದರು. ಬಂದವರು ಕೇಳಿದರು, "ಗಿಟಾರು ಬರುತ್ತಾ ರಾಯರೇ?" ಮಾವ ತಲೆಯಾಡಿಸಿದರು. ಅಷ್ಟೇ. ಆ ತಲೆಯಾಡಿಸಿದ ಸುದ್ದಿ ಬ್ಯಾಂಕಿನಿಂದ ಬ್ಯಾಂಕಿಗೆ, ಅತ್ತಿಗೆಯಿಂದ ನಾದಿನಿಗೆ ಹರಿದು, ಎರಡು ವರ್ಷದಲ್ಲಿ ತಿಪಟೂರು ಮುಟ್ಟುವ ಹೊತ್ತಿಗೆ "ಹುಡುಗ ಬ್ಯಾಂಕಿನಲ್ಲಿದ್ದಾನೆ, ಗಿಟಾರಿನಲ್ಲಿ ಎತ್ತಿದ ಕೈ" ಎಂದಾಗಿತ್ತು. ಅಲ್ಲಿದ್ದರು ನಮ್ಮ ಅತ್ತೆ, ಸಂಗೀತದಲ್ಲಿ ಜೂನಿಯರ್ ಪಾಸಾಗಿ, ಸೀನಿಯರ್‌ಗೆ ಕಟ್ಟಬೇಕೆಂದು ಕನಸು ಕಾಣುತ್ತಾ. ಹೆಣ್ಣು ನೋಡಲು ಹೋದ ದಿನ ಅತ್ತೆ ಒಂದು ದೇವರನಾಮ ಹಾಡಿದರು. ಹಾಡು ಮುಗಿದು ಎಲ್ಲರೂ ಮಾವನ ಮುಖ ನೋಡಿದಾಗ, ಮಾವ ಗಾಬರಿಯಲ್ಲಿ ಹೇಳಿದರಂತೆ, "ಮದುವೆಯಾಗಲಿ, ಇವರು ಹಾಡಲಿ, ನಾನು ನುಡಿಸ್ತೀನಿ."

ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮದುವೆಯಾದ ಮೊದಲ ವರ್ಷ ತಂತಿ ಇರಲಿಲ್ಲ, ಮದರಾಸಿನಿಂದ ಬರಬೇಕಿತ್ತು. ಬಂದಮೇಲೆ ಮಾವನ ಹೆಬ್ಬೆರಳಿಗೆ ಉಗುರುಸುತ್ತು. ಅದು ವಾಸಿಯಾಗುವಷ್ಟರಲ್ಲಿ ಎಪ್ಪತ್ತೆರಡರ ಮೇ ತಿಂಗಳು ಬಂತು. ಬೆಜವಾಡದ ಮೇ ತಿಂಗಳು ಕಂಡವರಿಗೆ ನಾನು ವರ್ಣಿಸಬೇಕಿಲ್ಲ, ಕಾಣದವರಿಗೆ ವರ್ಣಿಸಿದರೆ ನಂಬುವುದಿಲ್ಲ. ಒಂದು ಮಧ್ಯಾಹ್ನ ಗೋಡೆಯ ಮೇಲಿದ್ದ ಗಿಟಾರಿನ ಅಂಟು ಸೆಕೆಗೆ ಕರಗಿ, ತಂತಿ ಕಟ್ಟುವ ಕುದುರೆ ಢಣ್ ಎಂದು ಕಿತ್ತು ನೆಲಕ್ಕೆ ಬಿತ್ತು. ಮೇಲಿನ ಹಲಗೆಯೂ ಬಿರುಕು ಬಿಟ್ಟಿತು. ಅದೇ ಸಂಜೆ ಮಾವ ಬೆಟ್ಟ ಹತ್ತಿ ಕನಕದುರ್ಗಮ್ಮನಿಗೆ ಹನ್ನೊಂದು ತೆಂಗಿನಕಾಯಿ ಒಡೆದು ಬಂದರು. ಪಾಪ, ಎಷ್ಟು ನೊಂದುಕೊಂಡಿದ್ದಾರೆ ಎಂದು ಅತ್ತೆ ಕಣ್ಣೊರೆಸಿಕೊಂಡರಂತೆ.

ಅಲ್ಲಿಂದ ಮುಂದೆ ಮಾವನಿಗೆ ನೆಮ್ಮದಿ. ಇದನ್ನು ರಿಪೇರಿ ಮಾಡುವವನು ಈ ಕಡೆ ಯಾರೂ ಇಲ್ಲ, ಕಲ್ಕತ್ತೆಗೇ ಹೋಗಬೇಕು, ಅಂತ ಒಂದು ಮಾತು ಸಿಕ್ಕಿತು. ಆ ಮಾತಿನ ಮೇಲೆ ಗಿಟಾರು ಒಂಬತ್ತು ವರ್ಗಾವಣೆ ಕಂಡಿತು. ಪ್ರತಿ ಆಯುಧಪೂಜೆಗೆ ಅತ್ತೆ ಅದನ್ನು ಇಳಿಸಿ, ಕೊಬ್ಬರಿ ಎಣ್ಣೆಯಲ್ಲಿ ತಿಕ್ಕಿ, ಅರಿಶಿನ ಕುಂಕುಮ ಇಟ್ಟು, ಹುಳ ಬೀಳದಿರಲಿ ಎಂದು ಹೊಟ್ಟೆಯೊಳಗೆ ಎರಡು ನುಸಿಗುಳಿಗೆ ಹಾಕಿ ಮತ್ತೆ ಏರಿಸುತ್ತಿದ್ದರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಜೇನಿನ ಬಣ್ಣ ಹೋಗಿ ಹುರಿದ ಕಾಫಿಬೀಜದ ಬಣ್ಣ ಬಂದಿತ್ತು. ಮುಟ್ಟಿದರೆ ಕೈ ಅಂಟುತ್ತಿತ್ತು.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ಅತ್ತೆ ಹಾಡುವುದನ್ನೇ ಬಿಟ್ಟಿದ್ದರು. ಗೌರಿ ಹಬ್ಬದಲ್ಲಿ, ಬೊಂಬೆ ಕೂರಿಸಿದ ಮನೆಯಲ್ಲಿ, ಯಾರು ಎಷ್ಟು ಒತ್ತಾಯ ಮಾಡಿದರೂ ಒಂದೇ ಉತ್ತರ: "ಮೊದಲು ಅವರ ಗಿಟಾರು ರಿಪೇರಿಯಾಗಲಿ, ಆಮೇಲೆ ಇಬ್ಬರೂ ಒಟ್ಟಿಗೇ." ಸೀನಿಯರ್ ಪರೀಕ್ಷೆಯ ಮಾತು ಯಾವಾಗಲೋ ನಿಂತುಹೋಗಿತ್ತು. ಇಪ್ಪತ್ತೆರಡು ವರ್ಷದಿಂದ ನಾನು ಈ ಮನೆಯಲ್ಲಿದ್ದೇನೆ, ಅತ್ತೆಯ ಹಾಡನ್ನು ಒಂದು ಸಾಲೂ ಕೇಳಿರಲಿಲ್ಲ.

ಹೋದ ವರ್ಷ ಮಾವನಿಗೆ ಸಾವಿರ ಹುಣ್ಣಿಮೆ ತುಂಬಿತು. ಸಹಸ್ರಚಂದ್ರದರ್ಶನ ಶಾಂತಿ ಮಾಡಬೇಕು. ನಮ್ಮವರಿಗೆ ಒಂದು ಯೋಚನೆ ಬಂತು. ಅವರಿಗೆ ಯೋಚನೆ ಬರುವುದು ವರ್ಷಕ್ಕೆ ಒಂದು ಸಲ, ಬಂದರೆ ಮಾತ್ರ ಊರಿಗೆಲ್ಲ ಗೊತ್ತಾಗಬೇಕು. ಗಿಟಾರು ರಿಪೇರಿ ಮಾಡಿಸಿ, ಶಾಂತಿಯ ದಿನ ಅಪ್ಪ ನುಡಿಸುವುದು, ಅಮ್ಮ ಹಾಡುವುದು! ನನ್ನನ್ನೂ ಒಂದು ಮಾತು ಕೇಳದೆ ಕರೆಯೋಲೆಯಲ್ಲಿ ಅಚ್ಚು ಹಾಕಿಸಿಬಿಟ್ಟರು: ಭೋಜನಕ್ಕೆ ಮುನ್ನ ಶ್ರೀಮತಿ ಕಮಲಾಕ್ಷಮ್ಮನವರ ಗಾಯನ, ಶ್ರೀ ರಾಮಚಂದ್ರರಾಯರ ಗಿಟಾರು ವಾದನ. ಇನ್ನೂರು ಪ್ರತಿ ತಿಪಟೂರಿನಿಂದ ದಾವಣಗೆರೆವರೆಗೆ ಅಂಚೆಗೆ ಬಿದ್ದಮೇಲೆ ಮಾವನಿಗೆ ತೋರಿಸಿದರು. ಮಾವ ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದು ಓದಿದರು, ಆಮೇಲೆ ನೀರು ಕೇಳಿದರು.

"ನೋಡಿ, ಅಪ್ಪನಿಗೆ ಸಂತೋಷದಲ್ಲಿ ಮಾತೇ ಬರ್ತಿಲ್ಲ" ಎಂದರು ನಮ್ಮವರು.

ರಿಪೇರಿಗೆ ಯಾರು? ವಿಜಯವಾಡದ ಗವರ್ನರ್‌ಪೇಟೆಯಲ್ಲಿ ರಾಮ್‌ಪ್ರಸಾದ್ ಎಂಬುವರ ಅಂಗಡಿ ಇದೆ. ನೂಜಿವೀಡಿನ ವೀಣೆ ಮಾಡುವ ಮನೆತನ, ಮೂರನೆಯ ತಲೆಮಾರು. ನಾವು ಆ ಊರಿನಲ್ಲಿದ್ದಾಗ ಅವರ ತಾಯಿಯ ಪೆನ್ಷನ್ ಕಾಗದ ಯಜಮಾನರೇ ಸರಿಮಾಡಿಕೊಟ್ಟಿದ್ದರು, ಆಗಿನಿಂದ ಗುರುತು. ಬ್ಯಾಂಕಿನ ಮೀಟಿಂಗಿಗೆ ಹೋದಾಗ ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟು ಬಂದರು. "ಅಮ್ಮ ಹಾಡುವಾಗ ಜೊತೆಗೆ ನುಡಿಸಬೇಕು, ಅದಕ್ಕೆ ಸರಿಯಾಗಿ ಮಾಡಿಕೊಡಿ" ಎಂದು ಹೇಳಿ ಬಂದರಂತೆ. ರಾಮ್‌ಪ್ರಸಾದ್ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ, "ಅಮ್ಮಗಾರ ಶ್ರುತಿ ಎಷ್ಟು?" ಅತ್ತೆ ಅಡುಗೆಮನೆಯಿಂದಲೇ, ನೆನ್ನೆ ಹಾಡು ನಿಲ್ಲಿಸಿದವರ ಹಾಗೆ, ಹಾರ್ಮೋನಿಯಂ ಲೆಕ್ಕದಲ್ಲಿ "ಐದು ಮನೆ" ಅಂದರು.

ಎರಡು ದಿನ ಕಳೆದು ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದರೆ, ಮಾವ ಮೂಲೆಯಲ್ಲಿ ತುಳಸಿ ಕುಂಡದ ಹಿಂದೆ ಕುಕ್ಕರಗಾಲಲ್ಲಿ ಕೂತು ಫೋನಿನಲ್ಲಿ ತೆಲುಗಿನಲ್ಲಿ ಗೋಗರೆಯುತ್ತಿದ್ದರು. "ಆತುರ ಏನೂ ಇಲ್ಲ ರಾಮ್‌ಪ್ರಸಾದ್ ಗಾರು. ಒಂದು ವರ್ಷ ತಗೊಳ್ಳಿ. ಎರಡು ತಗೊಂಡರೂ ಪರವಾಲೇದು. ಆಗಲ್ಲ ಅಂತ ನಮ್ಮ ಹುಡುಗನಿಗೆ ಹೇಳಿಬಿಡಿ, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

ನಾನು ಬಕೆಟ್ ಕೆಳಗಿಟ್ಟೆ. "ಮಾವ, ಏನಿದು?"

ಮಾವ ಎದ್ದು ನಿಲ್ಲಲು ಹೋಗಿ ಆಗದೆ ಕುಂಡ ಹಿಡಿದುಕೊಂಡರು. "ಹೇಮಾ, ನೀನು ಕೇಳಿಸ್ಕೊಂಡ್ಯಾ?"

"ಕೆಳಗಿನ ಮನೆಯವರೂ ಕೇಳಿಸ್ಕೊಂಡಿರ್ತಾರೆ. ಯಾಕೆ ಬೇಡ ರಿಪೇರಿ?"

ಅತ್ತ ಇತ್ತ ನೋಡಿದರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. "ತಾಯಿ, ನನಗೆ ಗಿಟಾರು ನುಡಿಸೋಕೆ ಬರಲ್ಲ."

"ಮರೆತು ಹೋಗಿರುತ್ತೆ, ಐವತ್ತು ವರ್ಷ ಆಯ್ತಲ್ಲ."

"ಮರೆಯೋಕೆ ಮೊದಲು ಬರಬೇಕಲ್ಲಮ್ಮ. ಯಾವತ್ತೂ ಬರ್ತಿರಲಿಲ್ಲ."

ನನಗೆ ಬಂದ ಸಿಟ್ಟು ಹೇಳತೀರದು. ಎಂಬತ್ತರ ಹಿರಿಯರ ಮೇಲೆ ಕೂಗಾಡಬಾರದು, ಆದರೂ ಕೂಗಾಡಿದೆ, ಮೆಲ್ಲಗೆ ಕೂಗಾಡಿದೆ. ಐವತ್ನಾಲ್ಕು ವರ್ಷ! ಒಂದು ಸಲ, ಒಂದೇ ಒಂದು ಸಲ ಅತ್ತೆಗೆ ಹೇಳೋಕೆ ಏನಾಗಿತ್ತು ನಿಮಗೆ? ಮಾವ ಮಕ್ಕಳ ಹಾಗೆ ಬೆರಳು ಮಡಚುತ್ತಾ, "ಮೊದಲ ವಾರ ಹೇಳೋಣ ಅಂದ್ಕೊಂಡೆ. ಅವಳು ಅಷ್ಟು ಆಸೆಯಿಂದ ಇದ್ಲು. ಆಮೇಲೆ ದಿನಾ ಕಳೆದ ಹಾಗೆ ಇನ್ನೂ ಕಷ್ಟ ಆಯ್ತು. ಈಗ ಹೇಳಿದ್ರೆ ನನ್ನ ಮುಖ ನೋಡ್ತಾಳಾ ಹೇಮಾ? ಊರಿಗೆಲ್ಲ ಅಚ್ಚು ಹಾಕಿಸಿದ್ದಾನಲ್ಲ ಆ ಪುಣ್ಯಾತ್ಮ!" ಎಂದರು. ಕಣ್ಣಲ್ಲಿ ನೀರಿತ್ತು. ಹೇಳಬೇಡ ಎಂದು ಆಣೆ ಹಾಕಿಸಿಕೊಂಡರು. ನಾನು ಒಪ್ಪಿದೆ. ಒಪ್ಪಿದ್ದಕ್ಕೆ ನನ್ನ ಮೇಲೂ ಸಿಟ್ಟು ಬಂತು.

ಅಡುಗೆಮನೆಗೆ ಬಂದರೆ ಅತ್ತೆ ಮೆಣಸಿನ ಕಷಾಯ ಕುದಿಸುತ್ತಿದ್ದರು. "ಗಂಟಲು ತುಕ್ಕು ಹಿಡಿದಿದೆ ಕಣೇ, ಸ್ವಲ್ಪ ಸಾಪು ಮಾಡ್ಕೋತೀನಿ" ಎಂದು ನಾಚಿಕೊಂಡರು. ಎಪ್ಪತ್ತನಾಲ್ಕು ವರ್ಷದ ಹೆಂಗಸು ಹಾಗೆ ನಾಚಿಕೊಂಡಿದ್ದನ್ನು ನಾನು ಕಂಡಿರಲಿಲ್ಲ. ಮಾರನೆಯ ದಿನದಿಂದ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಒಳಗೇ ಸ ಪ ಸ ಅಂತ ಶುರು ಮಾಡಿದರು. ಮಾವ ಹೊರಗೆ ಪೇಪರ್ ಹಿಡಿದು ಕೂತವರು ಆ ಸದ್ದು ಕೇಳಿದಾಗಲೆಲ್ಲ ಪೇಪರನ್ನು ಇನ್ನಷ್ಟು ಮೇಲೆತ್ತುತ್ತಿದ್ದರು.

ಸರಿ, ಏನಾದರೂ ಮಾಡಲೇಬೇಕು. ನಮ್ಮ ಮೇಲಿನ ಮಹಡಿಯಲ್ಲಿ ಪ್ರಜ್ವಲ್ ಅಂತ ಹಾಸನದ ಹುಡುಗ ಇದ್ದಾನೆ, ಪರವಾಡದ ಔಷಧ ಕಂಪನಿಯೊಂದರಲ್ಲಿ ಕೆಲಸ, ಭಾನುವಾರ ಗಿಟಾರು ನುಡಿಸಿ ಅಕ್ಕಪಕ್ಕದವರ ನಿದ್ದೆ ಕೆಡಿಸುತ್ತಾನೆ. ಅವನಿಗೆ ಗುಟ್ಟು ಹೇಳಿ, "ಆರು ವಾರ ಇದೆ, ಒಂದು ದೇವರನಾಮಕ್ಕೆ ಸಾಕಾಗುವಷ್ಟು ಕಲಿಸಪ್ಪಾ" ಎಂದೆ. ಮಾವ ದಿನಾ ಸಂಜೆ ಬೀಚಿಗೆ ವಾಕಿಂಗ್ ಅಂತ ಬೂಟು ಹಾಕಿಕೊಂಡು ಇಳಿದು, ಹಿಂದಿನ ಮೆಟ್ಟಿಲಿನಿಂದ ಮತ್ತೆ ಹತ್ತಿ ಪ್ರಜ್ವಲ್ ಮನೆಗೆ ಹೋಗುತ್ತಿದ್ದರು. ವಾಪಸು ಬರುವಾಗ ಬೂಟಿನಲ್ಲಿ ಮರಳಿಲ್ಲ ಎಂದು ಅತ್ತೆಗೆ ಅನುಮಾನ ಬಂದೀತೆಂದು ಒಂದು ದಿನ ಯಾರದೋ ಕಟ್ಟಡದ ಮರಳು ತುಂಬಿಕೊಂಡು ಬಂದರು. ಬೆರಳ ತುದಿಗಳಿಗೆಲ್ಲ ಗುಳ್ಳೆ ಬಂತು. ಪ್ಲಾಸ್ಟರ್ ಸುತ್ತಿಕೊಂಡದ್ದಕ್ಕೆ ಈಳಿಗೆಮಣೆ ತಗುಲಿತು ಎಂದರು. ಮಾವ ಈಳಿಗೆಮಣೆ ಮುಟ್ಟಿದ್ದನ್ನು ಮದುವೆಯಾದ ಮೇಲೆ ಅತ್ತೆ ಒಂದು ಸಲವೂ ಕಂಡಿರಲಿಲ್ಲ, ಆದರೂ ನಂಬಿದರು. ಪಾಪ, ನಂಬುವುದು ಅವರಿಗೆ ಅಭ್ಯಾಸವಾಗಿತ್ತು.

ಐದನೆಯ ವಾರ ಪ್ರಜ್ವಲ್ ನನ್ನನ್ನು ಲಿಫ್ಟಿನ ಹತ್ತಿರ ಹಿಡಿದ. "ಆಂಟಿ, ಅಜ್ಜ ತುಂಬಾ ಸಿನ್ಸಿಯರ್. ಆದರೆ ಒಂದು ಕಾರ್ಡ್‌ಗೆ ಬೆರಳು ಜೋಡಿಸಿ ಇನ್ನೊಂದಕ್ಕೆ ಹೋಗೋಷ್ಟರಲ್ಲಿ ನಾನು ಟೀ ಮಾಡ್ಕೊಂಡು ಬರ್ಬೋದು."

"ಹಾಡು ನಿಧಾನದ್ದೇ ಕಣೋ."

"ಅಷ್ಟು ನಿಧಾನದ ಹಾಡು ಯಾರೂ ಬರೆದಿಲ್ಲ ಆಂಟಿ."

ಶಾಂತಿಯ ದಿನ ಬಂದೇಬಿಟ್ಟಿತು. ಅಪಾರ್ಟ್‌ಮೆಂಟಿನ ಮೇಲಿನ ಹಾಲಿನಲ್ಲಿ ಬೆಳಗಿನಿಂದ ಹೋಮ. ಊರಿನಿಂದ ನಲವತ್ತು ಜನ, ಇಲ್ಲಿನ ಬ್ಯಾಂಕಿನ ಕನ್ನಡದವರು, ತೆಲುಗಿನ ಅಕ್ಕಪಕ್ಕದವರು. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು, ಮಾವನ ಕಣ್ಣಿನ ನೀರು ಯಾವುದರದ್ದು ಎಂದು ನನಗೊಬ್ಬಳಿಗೇ ಗೊತ್ತು. ಅನಕಾಪಲ್ಲಿ ಬೆಲ್ಲದ ಹೂರಣದ ಹೋಳಿಗೆ ಹಂಚಿನ ಮೇಲೆ ಘಮಘಮ ಅನ್ನುತ್ತಿತ್ತು. ಗಿಟಾರು ಇನ್ನೂ ಬಂದಿರಲಿಲ್ಲ. ತಾನೇ ಖುದ್ದಾಗಿ ತರುತ್ತೇನೆ ಎಂದಿದ್ದ ರಾಮ್‌ಪ್ರಸಾದ್ ಬೆಳಗಿನ ರತ್ನಾಚಲ್ ಹತ್ತಿದ್ದರು. ರೈಲು ತಡವಾಗಲಿ ಎಂದು ಮಾವ ಪೂರ್ಣಾಹುತಿಯಲ್ಲಿ ಬೇಡಿಕೊಂಡರೋ ಏನೋ, ಕೈಮುಗಿದವರು ಬಿಡಲೇ ಇಲ್ಲ.

ಒಂದೂವರೆಗೆ, ಎಲೆ ಹಾಕುವ ಹೊತ್ತಿಗೆ ಸರಿಯಾಗಿ, ರಾಮ್‌ಪ್ರಸಾದ್ ಬಂದರು. ಬಿಳಿ ಪಂಚೆ, ಹಣೆಯಲ್ಲಿ ಕುಂಕುಮ, ಎದೆಗವಚಿಕೊಂಡ ಗಂಟು. ಮಂಗಳಗಿರಿಯ ಹೊಸ ಪಂಚೆಯಲ್ಲಿ ಸುತ್ತಿ ತಂದಿದ್ದರು. ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ಬಂದರಂತೆ, ಸೀಟಿನ ಮೇಲೆ ಇಡಲಿಲ್ಲವಂತೆ. ಅವರು ಬಿಚ್ಚಿದಾಗ ಇಡೀ ಸಭೆಯೇ ಆಹಾ ಎಂದಿತು. ಅರ್ಧ ಶತಮಾನದ ಎಣ್ಣೆಜಿಡ್ಡು ಹೋಗಿ ಜೇನಿನ ಬಣ್ಣ ಮರಳಿ ಬಂದಿತ್ತು. ಬಿರುಕು ಎಲ್ಲಿತ್ತೆಂದು ಬೆರಳಾಡಿಸಿದರೂ ಗೊತ್ತಾಗುತ್ತಿರಲಿಲ್ಲ. ಹಲಸಿನ ಮರದ ಹೊಸ ಕುದುರೆ.

ಪ್ರಜ್ವಲ್ ಮಾತ್ರ ಆಹಾ ಎನ್ನಲಿಲ್ಲ. ಹತ್ತಿರ ಬಗ್ಗಿ ನೋಡಿ, "ಫ್ರೆಟ್ ಎಲ್ಲಿ?" ಎಂದ.

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಹಿತ್ತಾಳೆಯ ಮೆಟ್ಟಿಲುಗಳಿರುತ್ತವಲ್ಲ, ಅವು ಒಂದೂ ಇರಲಿಲ್ಲ. ಕತ್ತು ನುಣ್ಣಗೆ ಬಾಳೆದಿಂಡಿನ ಹಾಗಿತ್ತು. ರಾಮ್‌ಪ್ರಸಾದ್ ಜುಬ್ಬದ ಜೇಬಿನಿಂದ ಒಂದು ಕವರು ತೆಗೆದು ಹೆಮ್ಮೆಯಿಂದ ನಮ್ಮವರ ಕೈಗೆ ಕೊಟ್ಟರು. "ಹದಿನೆಂಟೂ ಇವೆ ಸಾರ್, ಎಣಿಸಿಕೊಳ್ಳಿ. ಹಳೇ ಕಾಲದ ಹಿತ್ತಾಳೆ, ಎಸೆಯೋಕೆ ಮನಸ್ಸು ಬರಲಿಲ್ಲ. ಗೀರುಗಳಿಗೆ ಮೇಣ ತುಂಬಿದ್ದೀನಿ. ತಂತಿ ಆರು ಯಾಕೆ? ನಾಲ್ಕು ಸಾಕು."

"ನಾಲ್ಕು ಸಾಕು ಅಂದರೆ?" ನಮ್ಮವರ ದನಿ ಏರಿತು.

"ಅಮ್ಮಗಾರು ಹಾಡುವಾಗ ಜೊತೆಗೆ ಬೇಕು ಅಂದ್ರಲ್ಲ ಸಾರ್. ಹಾಡುವವರ ಹಿಂದೆ ಕೂರೋ ವಾದ್ಯ ಅಂದರೆ ಶ್ರುತಿ. ನಮ್ಮ ತಾತನ ಕಾಲದಿಂದ ನಮಗೆ ಅದೇ ಲೆಕ್ಕ. ಇದರ ಹೊಟ್ಟೆ ನೋಡಿದೆ, ಒಳ್ಳೇ ನಾದ ಇದೆ. ತಂಬೂರಿ ಮಾಡಿದ್ದೀನಿ. ಐದು ಮನೆ."

ಹೋಳಿಗೆ ಬೇಯಿಸುತ್ತಿದ್ದವರು ಕೂಡ ಬಾಗಿಲಿಗೆ ಬಂದು ನಿಂತರು. ಪ್ರಜ್ವಲ್ ತಲೆ ಮೇಲೆ ಕೈಹೊತ್ತು, "ಇದರಲ್ಲಿ ಇನ್ನು ಯಾರಪ್ಪ ಬಂದರೂ ಗಿಟಾರು ನುಡಿಸೋಕಾಗಲ್ಲ" ಎಂದ.

ನಾನು ಮಾವನ ಮುಖ ನೋಡಿದೆ. ಮೋಡ ಸರಿದ ಹಾಗೆ ಆ ಮುಖ ಅರಳುತ್ತಿತ್ತು! ತಕ್ಷಣ ಅರಳಿದ್ದನ್ನು ಮಡಚಿಕೊಂಡು, ದೊಡ್ಡ ನಿಟ್ಟುಸಿರು ಬಿಟ್ಟು, "ಐವತ್ನಾಲ್ಕು ವರ್ಷ ಕಾದೆ. ಇವತ್ತು ನುಡಿಸೋಣ ಅಂತ ಕೂತಿದ್ದೆ. ನನ್ನ ಹಣೆಬರಹ ನೋಡಿ" ಎಂದು ಹಣೆ ಚಚ್ಚಿಕೊಂಡರು. ಅತ್ತೆ ಅವರ ಭುಜ ನೇವರಿಸಿ, "ಹೋಗಲಿ ಬಿಡಿ, ಮನಸ್ಸಿಗೆ ಹಚ್ಕೋಬೇಡಿ" ಎಂದು ಸಮಾಧಾನ ಮಾಡತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಆಣೆ ಹಾಕದಿದ್ದರೆ ಅಲ್ಲೇ ಬಾಯಿ ಬಿಡುತ್ತಿದ್ದೆ. ಮಾವನನ್ನು ದುರುಗುಟ್ಟಿ ನೋಡಿದೆ. ಮಾವ ಹೋಮಕುಂಡ ನೋಡಿದರು.

ಅಷ್ಟರಲ್ಲಿ ನಮ್ಮವರು ರಾಮ್‌ಪ್ರಸಾದ್ ಮೇಲೆ ಎಗರಾಡುತ್ತಿದ್ದರು. ಎಪ್ಪತ್ತು ವರ್ಷದ ಮನೆತನದ ವಸ್ತು, ದೊಡ್ಡತಾತನ ನೆನಪು, ನಿಮ್ಮನ್ನು ನಂಬಿ ಕೊಟ್ಟೆ, ಬರದಿದ್ದರೆ ಬರಲ್ಲ ಅನ್ನಬೇಕಿತ್ತು, ಅಪ್ಪನ ಆಸೆಗೆ ಮಣ್ಣು ಹಾಕಿದಿರಿ. ನೆಂಟರೂ ದನಿಗೂಡಿಸಿದರು. ತೆಲುಗು ಬಾರದ ತಿಪಟೂರಿನವರು ಕನ್ನಡದಲ್ಲೇ ಬೈದರು. ಆ ಮನುಷ್ಯನ ಮುಖ ಸಣ್ಣದಾಯಿತು. ಎರಡೂ ಕೈ ಮುಗಿದು, "ತಪ್ಪಾಯಿತು ಸಾರ್. ಮೂರು ತಲೆಮಾರಿನಲ್ಲಿ ನಮ್ಮ ಅಂಗಡಿ ಬಾಗಿಲಿಗೆ ಇಂಥ ಮಾತು ಬಂದಿರಲಿಲ್ಲ. ಮೆಟ್ಟಿಲು ವಾಪಸು ಕೂರಿಸಿಕೊಡ್ತೀನಿ, ಕಲಿತಾದರೂ ಕೂರಿಸ್ತೀನಿ" ಎಂದು ಪಂಚೆ ಮಡಚಿಕೊಂಡು ಬಾಗಿಲ ಕಡೆ ಹೊರಟರು.

"ಊಟ ಮಾಡ್ಕೊಂಡು ಹೋಗಿ" ಎಂದೆ, ಅಡ್ಡ ಹೋಗಿ ನಿಂತು.

"ಬೇಡಮ್ಮಾ. ಗಂಟಲಲ್ಲಿ ಇಳಿಯಲ್ಲ."

ಶಾಂತಿ ಮಾಡಿಸಿಕೊಂಡ ಮನೆಯಿಂದ, ಎಲೆ ಹಾಕಿದ ಹೊತ್ತಿಗೆ, ಮನುಷ್ಯನೊಬ್ಬ ಉಣ್ಣದೆ ಎದ್ದು ಹೋಗುತ್ತಿದ್ದಾನೆ. ಅದೂ ಹಾಲಿನಂಥ ಮನಸ್ಸಿನ ಮನುಷ್ಯ. ಆತ ಚಪ್ಪಲಿಗೆ ಕಾಲು ಹಾಕಿದ್ದೇ ತಡ, ಹಿಂದಿನಿಂದ ಒಂದು ದನಿ ಬಂತು.

"ನಿಲ್ಲಿ ರಾಮ್‌ಪ್ರಸಾದ್ ಗಾರು."

ಮಾವ ಎದ್ದು ನಿಂತಿದ್ದರು. ಶಲ್ಯ ಜಾರಿ ಬಿದ್ದಿತ್ತು. "ದಿನೇಶ, ಅವರನ್ನ ಬೈಬೇಡ. ಅವರದೇನೂ ತಪ್ಪಿಲ್ಲ." ಒಂದು ಸಲ ಉಸಿರು ಎಳೆದುಕೊಂಡರು. "ಮೆಟ್ಟಿಲು ಇದ್ದಿದ್ರೂ ನಾನು ನುಡಿಸ್ತಿರಲಿಲ್ಲ. ಕಮಲಾ, ನನಗೆ ಗಿಟಾರು ಬರಲ್ಲ. ನಿನ್ನ ನೋಡೋಕೆ ಬಂದಾಗಲೂ ಬರ್ತಿರಲಿಲ್ಲ, ಇವತ್ತೂ ಬರಲ್ಲ. ನಿನ್ನ ಹತ್ರ ಸುಳ್ಳು ಹೇಳ್ಕೊಂಡೇ ಬಂದೆ."

ನಲವತ್ತು ನೆಂಟರು ಅಂದೆನಲ್ಲ, ನಲವತ್ತು ಬಾಯಿಗಳೂ ತೆರೆದುಕೊಂಡವು. ನಮ್ಮವರ ಕೈಯಿಂದ ಕವರು ಬಿದ್ದು ಹದಿನೆಂಟು ಮೆಟ್ಟಿಲುಗಳೂ ನೆಲದ ಮೇಲೆ ಚೆಲ್ಲಾಡಿದವು. ಯಾರೂ ಹೆಕ್ಕಲಿಲ್ಲ. ಎಲ್ಲರೂ ಅತ್ತೆಯನ್ನೇ ನೋಡುತ್ತಿದ್ದರು.

ಅತ್ತೆ ಬಯ್ಯುತ್ತಾರೆ, ಅಳುತ್ತಾರೆ, ಎದ್ದು ಹೋಗುತ್ತಾರೆ ಅಂತೆಲ್ಲ ನನಗೆ ಭಯ. ಅವರು ಮಾವನ ಪ್ಲಾಸ್ಟರ್ ಸುತ್ತಿದ ಬೆರಳುಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಮೊದಲೇ ಹೇಳಿದ್ರೆ ನಾನೊಬ್ಬಳೇ ಹಾಡ್ಕೋತಿರಲಿಲ್ವೇನ್ರೀ?"

ನನಗೆ ಅಳು ಬಂತು, ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಎಲ್ಲರ ಎದುರಿಗೇ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಕಡೆ ತಿರುಗಿ, ಚೆನ್ನಾಗಿ ಬರುವ ತೆಲುಗಿನಲ್ಲಿ, "ಬಾಬೂ, ಚಪ್ಪಲಿ ಬಿಡಿ. ಇಲ್ಲಿ ಬನ್ನಿ. ನೀವು ಮಾಡಿದ್ದನ್ನ ಒಂದು ಸಲ ಮೀಟಿ ತೋರಿಸಿ" ಎಂದರು.

ರಾಮ್‌ಪ್ರಸಾದ್ ಅಳುಕುತ್ತಲೇ ಬಂದು ಕೂತು, ಆ ಜೇನಿನ ಬಣ್ಣದ ಗಿಟಾರನ್ನು ನೆಟ್ಟಗೆ ನಿಲ್ಲಿಸಿ ಹಿಡಿದು ನಾಲ್ಕು ತಂತಿ ಮೀಟಿದರು. ಪ ಸ ಸ ಸ. ಏನು ನಾದ ಅಂತೀರಿ! ಫ್ಯಾನಿನ ಸದ್ದು, ಒಲೆಯ ಸದ್ದು ಎಲ್ಲ ಅದರೊಳಗೆ ಮುಳುಗಿಹೋದವು. ಬಾಗಿಲಲ್ಲಿ ನಿಂತ ಅಡುಗೆಯವರು ಸೌಟು ಹಿಡಿದೇ ಕೈಮುಗಿದರು. ಪ್ರಜ್ವಲ್ ತಲೆಯ ಮೇಲಿನ ಕೈ ಇಳಿಸಿದ.

"ಇದಕ್ಕೆ ಕಲಿಯೋದೇನಾದರೂ ಇದೆಯೇ?" ಅತ್ತೆ ಕೇಳಿದರು.

"ಏನಿಲ್ಲ ಅಮ್ಮಗಾರು. ಒಂದಾದ ಮೇಲೆ ಒಂದು ತಂತಿ, ಆತುರ ಇಲ್ಲದೆ. ನಿಲ್ಲಿಸಬಾರದು ಅಷ್ಟೇ."

"ಹಾಗಾದರೆ ಇವರ ಕೈಗೆ ಕೊಡಿ."

ಮಾವನನ್ನು ಕೂರಿಸಿದರು. ರಾಮ್‌ಪ್ರಸಾದ್ ಅವರ ಬೆರಳಿನ ಪ್ಲಾಸ್ಟರ್ ಬಿಚ್ಚಿ, ತಂತಿಯ ಮೇಲಿಟ್ಟು, ಎರಡು ಸಲ ತೋರಿಸಿದರು. ಮೂರನೆಯ ಸಲ ಮಾವನೇ ಮೀಟಿದರು. ಬಂತು! ಆ ಮುಖ ನೀವು ನೋಡಬೇಕಿತ್ತು. ಪ್ರಜ್ವಲ್ ಆರು ವಾರ ಬೆವರು ಸುರಿಸಿದರೂ ಬರದಿದ್ದದ್ದು ಎರಡು ನಿಮಿಷದಲ್ಲಿ ಬಂತು. ಖುಷಿಗೆ ವೇಗ ಹೆಚ್ಚಿತು. ಅತ್ತೆ ತೊಡೆಗೆ ಒಂದು ಏಟು ಕೊಟ್ಟು, "ಆತುರ ಬೇಡ ಅಂದ್ರಲ್ಲ" ಎಂದರು.

ಅತ್ತೆ ಕಣ್ಣು ಮುಚ್ಚಿ ಶುರು ಮಾಡಿದರು. ಮೊದಲ ಸಾಲಿಗೇ ದನಿ ಒಡೆಯಿತು. ಕೆಮ್ಮಿದರು, ಬಿಸಿನೀರು ಕೇಳಿದರು, ಕುಡಿದು ಮತ್ತೆ ಶುರು ಮಾಡಿದರು. ಮೇಲಿನ ಸ್ಥಾಯಿ ಸಿಗಲಿಲ್ಲ, ಅಲ್ಲೆಲ್ಲ ಕೆಳಗೇ ತಿರುಗಿಸಿಕೊಂಡರು. ಆದರೆ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಒಳಗೆಲ್ಲೋ ಇದ್ದ ಒಂದು ದನಿ ಹೊರಗೆ ಬಂತು, ದಪ್ಪಗೆ, ಮಾಗಿದ ದನಿ, ಸಾಲು ಮುಗಿದರೂ ನಿಂತೇ ಇರುವಂಥದ್ದು. ಇಷ್ಟು ವರ್ಷ ಈ ಹೆಂಗಸು ನನ್ನ ಪಕ್ಕದಲ್ಲಿ ನಿಂತು ಚಪಾತಿ ಲಟ್ಟಿಸಿದ್ದಾರೆ. ಹಸಿದಿದ್ದ ತಿಪಟೂರಿನ ನೆಂಟರು ಕೂಡ ಎಲೆಯ ಮುಂದೆ ಅಲುಗಾಡದೆ ಕೂತಿದ್ದರು.

ಹಾಡು ಮುಗಿಯಿತು. ಮಾವ ಮೀಟುವುದನ್ನು ನಿಲ್ಲಿಸಲಿಲ್ಲ. ಅವರ ಕೆನ್ನೆಯ ಮೇಲೆ ನೀರು ಇಳಿದು ಬಿಳಿ ಮೀಸೆಗೆ ಸೇರುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು, "ಹೇಮಾ, ಇಷ್ಟು ವರ್ಷ ಇದು ನಮ್ಮ ಮನೇಲೇ ಇತ್ತಲ್ಲ ತಾಯಿ."

"ಇತ್ತು ಮಾವ. ನೀವೇ ಮುಚ್ಚಿಟ್ಟಿದ್ದು" ಎಂದೆ. ಶಾಂತಿಯ ದಿನ ಹಾಗೆ ಅನ್ನಬಾರದಿತ್ತು, ಆದರೆ ಅಂದೆ, ಅಂದದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಮಾವ ಹೌದು ಎಂಬಂತೆ ತಲೆ ತಗ್ಗಿಸಿದರು, ಬಿಕ್ಕಳಿಸಿದರು, ಬೆರಳು ತಪ್ಪಿ ಶ್ರುತಿ ನಿಂತಿತು.

ಅತ್ತೆ ಎರಡನೆಯ ಹಾಡಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದವರು ತಿರುಗಿ ನೋಡಿ, "ಅಳೋದೆಲ್ಲ ಆಮೇಲೆ. ಈಗ ತಂತಿ ಮೀಟಿ" ಎಂದರು.